ಸ್ವಾತಂತ್ರ್ಯ ಉದ್ಯಾನ ಮತ್ತು ವರ್ತಕರ ಹೊಣೆ

ಬೆಂಗಳೂರಿನ ಪುರಭವನದ ಮುಂದೆ, ಮೈಸೂರು ಬ್ಯಾಂಕ್ ವೃತ್ತದಲ್ಲಿ, ಆನಂದರಾವ್ ವೃತ್ತದ ಗಾಂಧಿ ಪ್ರತಿಮೆಯ ಬಳಿ ಮೆರವಣಿಗೆ ನಿಂತಿತೆಂದರೆ ಅವೆನ್ಯೂ ರಸ್ತೆ, ಚಿಕ್ಕಪೇಟೆಗಳಿಗೆ ಬರಬೇಕಾದ ಸರಕೂ ಗಿರಾಕಿಯೂ ದಾರಿಯಲ್ಲೇ ಉಳಿಯುತ್ತಿದ್ದ ಕಾಲವನ್ನು ವರ್ತಕರು ಮರೆತಿಲ್ಲ. 2021ರ ಆದೇಶದ ಮೂಲಕ ನಗರದ ಪ್ರತಿಭಟನೆಗಳನ್ನು ಶೇಷಾದ್ರಿ ರಸ್ತೆಯ ಸ್ವಾತಂತ್ರ್ಯ ಉದ್ಯಾನಕ್ಕೆ, ಎಂದರೆ ಎಲ್ಲರ ಬಾಯಲ್ಲಿರುವ ಫ್ರೀಡಂ ಪಾರ್ಕಿಗೆ, ಸೀಮಿತಗೊಳಿಸಿದ್ದರಿಂದ ಪೇಟೆಗೆ ದೊರೆತ ನಿರಾಳ ಅಲ್ಪವೇನಲ್ಲ. ಆದರೆ ಅದರ ಬೆಲೆಯನ್ನು ತೆರುತ್ತಿರುವವರು ಉದ್ಯಾನದ ಆಸುಪಾಸಿನ ಅಂಗಡಿಗಳವರು. ಪ್ರತಿಭಟನೆಗಳನ್ನು ಊರಾಚೆಗೆ ಸಾಗಿಸಬೇಕೆಂಬ ಮಾತು ಹುಟ್ಟುವುದು ಇದರಿಂದಲೇ.

ಈ ಮಾತು ವರ್ತಕ ಸಮುದಾಯಕ್ಕೆ ಶೋಭಿಸುವಂಥದಲ್ಲ, ಹಿತಕರವೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೇಂದ್ರ ಕಾರಾಗೃಹವಿದ್ದ ನೆಲವದು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅಲ್ಲಿ ಬಂಧಿಗಳಾಗಿದ್ದರು. 2000ದಲ್ಲಿ ಕಾರಾಗೃಹ ಪರಪ್ಪನ ಅಗ್ರಹಾರಕ್ಕೆ ಹೋಯಿತು. 2008ರಲ್ಲಿ ಉದ್ಯಾನ ತೆರೆಯಿತು. ಕಾವಲು ಗೋಪುರವನ್ನೂ ಬ್ಯಾರಕ್ಕುಗಳನ್ನೂ ಸ್ಮಾರಕವೆಂದು ಉಳಿಸಿಕೊಳ್ಳಲಾಗಿದೆ. ಬಾಯಿ ಕಟ್ಟಿಸಿದ್ದ ಸ್ಥಳವೇ ಬಾಯಿ ತೆರೆಯುವ ಸ್ಥಳವಾದದ್ದು ಉಚಿತವೇ ಸರಿ.

ಆ ಸ್ಥಳದ ಅಗತ್ಯ ವರ್ತಕರಿಗೂ ಬಿದ್ದಿದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸುಗಳು ಬಂದಾಗ, ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು 25ರಂದು ಬಾಗಿಲು ಮುಚ್ಚಿ ಸೇರಲು ನಿಶ್ಚಯಿಸಿದ್ದು ಇಲ್ಲಿಯೇ. ಮುಖ್ಯಮಂತ್ರಿಗಳೊಡನೆ ಮಾತುಕತೆಯಾದ ಮೇಲೆ ಅದನ್ನು ಕೈಬಿಡಲಾಯಿತು, ಅಷ್ಟೆ. ಸಭೆ ಸೇರುವ ಜಾಗ ಊರಾಚೆ ಇದ್ದಿದ್ದರೆ ಆ ಕರೆಗೆ ಅಷ್ಟು ತೂಕವಿರುತ್ತಿತ್ತೇ?

ಹೀಗಿರುವಾಗ ವರ್ತಕ ಸಂಘಗಳು ಕೇಳಬೇಕಾದುದು ಸ್ಥಳಾಂತರವನ್ನಲ್ಲ, ಸೌಕರ್ಯವನ್ನು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ರಾತ್ರಿಗಳನ್ನೂ ಅಲ್ಲಿಯೇ ಕಳೆದರು. ಸಾವಿರಾರು ಮಂದಿ ಸೇರುವ ಕಡೆ ಶೌಚಾಲಯ, ಕುಡಿಯುವ ನೀರು, ನೆರಳು ಸಾಲದಿದ್ದರೆ ಜನ ರಸ್ತೆಗೂ ಅಂಗಡಿಯ ಮೆಟ್ಟಿಲಿಗೂ ಹರಡುವುದು ಸಹಜ. ಒಂದು ಶೌಚಾಲಯದ ನಿರ್ವಹಣೆಯನ್ನು ಸಂಘಗಳೇ ವಹಿಸಿಕೊಂಡರೂ ತಪ್ಪಿಲ್ಲ. ನಿರಾಳದ ಲಾಭ ಪೇಟೆಯದಲ್ಲವೇ?

ಪಕ್ಕದಲ್ಲಿ ಐನೂರಕ್ಕೂ ಹೆಚ್ಚು ಕಾರುಗಳು ನಿಲ್ಲಬಲ್ಲ ಬಹುಮಹಡಿ ವಾಹನ ನಿಲ್ದಾಣವಿದೆ. ಕಟ್ಟಿ ಮುಗಿದ ಮೇಲೂ ಬಹುಕಾಲ ಬಾಗಿಲು ಹಾಕಿದ್ದ ಅದು 2024ರಲ್ಲಿ ತೆರೆಯಿತು. ಅಲ್ಲಿಂದ ಗಾಂಧಿನಗರ, ಚಿಕ್ಕಪೇಟೆಗಳಿಗೆ ಸಣ್ಣ ಬಸ್ಸುಗಳು ನಿಯತವಾಗಿ ಓಡಾಡಿದರೆ ಗಿರಾಕಿಯ ಕಾರು ಪೇಟೆಯ ಇಕ್ಕಟ್ಟಿಗೆ ಬರಬೇಕಾಗಿಲ್ಲ. ನಗರಾಡಳಿತದ ಮುಂದೆ ಮೊದಲು ಇಡಬೇಕಾದ ಬೇಡಿಕೆ ಇದು.