ಈ ಸಾರಿ 70 ಮೊಟ್ಟೆ ಮಾತ್ರ ಯಾಕೆ ಮೇಯಿಸಿದೆ



ನಿನ್ನೆ ಗೂಡು ಮಾರಿ ಬಂದೆ. "ಯಾವಾಗ್ಲೂ 100 ಮೊಟ್ಟೆ ಮೇಯಿಸ್ತಿದ್ದೆ, ಈ ಸಾರಿ 70 ಯಾಕಪ್ಪ?" ಅಂತ ಮಾರ್ಕೆಟ್ಟಲ್ಲಿ ಇಬ್ಬರು ಮೂವರು ಕೇಳಿದ್ರು. ನಿಂತಲ್ಲೇ ಹೇಳಿ ಮುಗಿಸೋ ವಿಷಯ ಅಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಹೋದ ವರ್ಷ ಡಿಸೆಂಬರ್ 10ಕ್ಕೆ ಚಾಕಿ ಹುಳು ತಂದಿದ್ದೆ. ಲೆಕ್ಕ ನಿಮಗೇ ಗೊತ್ತು. 20ರ ಹೊತ್ತಿಗೆ ನಾಲ್ಕನೇ ಜ್ವರ ಎದ್ದವು. ಕ್ರಿಸ್‌ಮಸ್ ಹೊತ್ತಿಗೆ ಸರಿಯಾಗಿ ದೊಡ್ಡ ಮೇವು. ಹುಳು ಹುಟ್ಟಿದಾಗಿಂದ ತಿನ್ನೋ ಸೊಪ್ಪಲ್ಲಿ ನೂರಕ್ಕೆ 80 ಪಾಲು ತಿನ್ನೋದು ಆ ಕೊನೇ ಏಳೆಂಟು ದಿನದಲ್ಲೇ. ಮೇಲೆ ಚಳಿ ಬೇರೆ.

ಬೆಂಗಳೂರಿಂದ ಮಗಳು, ಅಳಿಯ, ಮೊಮ್ಮಗ ಬಂದಿದ್ರು. ಹುಡುಗನಿಗೆ ಆರು ವರ್ಷ. ಮಣ್ಣು, ಹುಲ್ಲು ತಂದು ಇಡೀ ದಿನ ಕೂತು ಗೋದಲಿ ಕಟ್ಟಿದ್ದ. ರಾತ್ರಿ ಅದರಲ್ಲಿ ಬಾಲಯೇಸುನ ಇಡೋದು ನಮ್ಮ ಮನೇಲಿ ಹಿರಿಯರ ಕೆಲಸ. "ತಾತ, ನೀವೇ ಇಡಬೇಕು" ಅಂದಿದ್ದ. ಸೊಪ್ಪು ಹಾಕಿ ಬಂದೆ ಅಂತ ಹೋದೋನು, ಹುಳು ಮನೇಲೇ ಗೋಡೆಗೆ ಒರಗಿ ನಿದ್ದೆ ಹೋಗಿಬಿಟ್ಟೆ. ಅವರೆಲ್ಲ ರಾತ್ರಿ ಪೂಜೆಗೆ ಹೋಗಿ ಬಂದಿದ್ದೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಹುಡುಗ "ನೀವು ಬರ್ಲಿಲ್ಲ ತಾತ, ನಾನೇ ಇಟ್ಟೆ" ಅಂದ. ಮಾತಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ರೆ ಸಮಾಧಾನನಾದ್ರೂ ಮಾಡ್ತಿದ್ದೆ. ಅವತ್ತು ಮಧ್ಯಾಹ್ನವೇ ಹೊರಟುಹೋದ್ರು.

ಅವ್ವ ಬಿಡಲಿಲ್ಲ. "ಕುರಿ ಕಾಯೋರು ಕುರಿ ಬಿಟ್ಟು ಮಗು ನೋಡಕ್ಕೆ ಹೋದ್ರಂತೆ. ನಿಂಗೆ ಹುಳ ಬಿಟ್ಟು ಬರಕ್ಕಾಗ್ಲಿಲ್ವಾ?"

"ಹುಳಕ್ಕೆ ಹಬ್ಬ ಗೊತ್ತಾಗುತ್ತಾ ಅವ್ವ?" ಅಂದೆ.

"ಹುಳಕ್ಕೆ ಗೊತ್ತಿಲ್ಲ. ನಿಂಗೂ ಗೊತ್ತಿಲ್ವಾ?"

ಬೇರೆ ಧರ್ಮದ ಸ್ನೇಹಿತರಿಗೆ ಒಂದು ಮಾತು. ಯೇಸು ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದು ರಾಜನಿಗಲ್ಲ, ಪೂಜಾರಿಗೂ ಅಲ್ಲ. ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಾ ಎಚ್ಚರ ಇದ್ದವರಿಗೆ ಅಂತ ಲೂಕನ ಶುಭಸಂದೇಶದ 2ನೇ ಅಧ್ಯಾಯದಲ್ಲಿದೆ. ಅಂದ್ರೆ ನಮ್ಮಂಥೋರಿಗೆ. ಅವರು ಹೋದ್ರು, ಮಗು ನೋಡಿದ್ರು, ವಾಪಸ್ ಬಂದ್ರು. ಕಸುಬು ಬಿಡಲಿಲ್ಲ. ಪ್ರತಿ ವರ್ಷ ಪೂಜೆಯಲ್ಲಿ ಇದನ್ನ ಕೇಳ್ತಿದ್ದೆ, ಆದ್ರೆ ಯಾರದೋ ಕಥೆ ಅಂದ್ಕೊಂಡಿದ್ದೆ.

ನಾವು ರೈತರು "ಪುರುಸೊತ್ತಿಲ್ಲ" ಅಂತೀವಿ. ಅದು ಅರ್ಧ ನಿಜ. ಹುಳು ಮನೆಗೆ ಬಂದ ಮೇಲೆ ಅದು ಹೇಳಿದಂಗೆ ನಾವು ಕೇಳಬೇಕು, ಹೊತ್ತಿಗೆ ಸೊಪ್ಪು ಬೀಳಲೇಬೇಕು. ಆದರೆ ಚಾಕಿ ತರೋ ದಿನ ನಮ್ಮ ಕೈಲಿದೆ. ಡಿಸೆಂಬರ್ 25 ಯಾವ ವರ್ಷವೂ ಹಿಂದೆ ಮುಂದೆ ಆಗಲ್ಲ.

ಈ ಸಾರಿ ನವೆಂಬರ್ 22ಕ್ಕೇ ತಂದೆ. ಸೊಪ್ಪು ಪೂರ್ತಿ ಬಲಿತಿರಲಿಲ್ಲ, ಅದಕ್ಕೇ 70 ಮೊಟ್ಟೆ. 30 ಮೊಟ್ಟೆ ಗೂಡಿನ ದುಡ್ಡು ಹೋಯ್ತು, ಸುಳ್ಳು ಹೇಳಲ್ಲ. ಅಷ್ಟು ಹೋದ್ರೂ ಪರವಾಗಿಲ್ಲ ಅಂತ ಮೊದಲು ಹೇಳಿದ್ದು ಮನೇಲಿ ಲೆಕ್ಕ ಇಡೋ ನನ್ನ ಹೆಂಡತಿ. ಗೂಡು ಬಿಡಿಸಿದ ಮೇಲೆ ಹುಳು ಮನೆ ತೊಳೆದು, ಬ್ಲೀಚಿಂಗ್ ಹೊಡೆದು ಕೆಲವು ದಿನ ಖಾಲಿ ಬಿಡೋದು ಹೆಂಗೂ ಇದ್ದೇ ಇದೆ. ಆ ಖಾಲಿ ದಿನಗಳು ಹಬ್ಬಕ್ಕೆ ಬೀಳೋ ಹಂಗೆ ನೋಡ್ಕೊಂಡೆ, ಅಷ್ಟೇ.

ಹೋದ ವಾರ ಮೊಮ್ಮಗ ಫೋನ್ ಮಾಡಿ "ತಾತ, ಈ ಸಾರಿನೂ ಹುಳ ಇದಾವಾ?" ಅಂದ. ನೀನು ಬರೋ ಹೊತ್ತಿಗೆ ಇರಲ್ಲಪ್ಪ ಅಂದೆ.

ನಿಮಗೂ ಒಂದು ಮಾತು. ಜನವರಿ 1ರ ಆಸುಪಾಸು ಚಾಕಿ ತಂದ್ರೆ ಸಂಕ್ರಾಂತಿಗೆ ಸರಿಯಾಗಿ ದೊಡ್ಡ ಮೇವು ಬರುತ್ತೆ. ಬುಕ್ ಮಾಡೋ ಮುಂಚೆ ಕ್ಯಾಲೆಂಡರ್ ನೋಡಿ, ಮನೆಯವರನ್ನೂ ಒಂದು ಮಾತು ಕೇಳಿ.

25ಕ್ಕೆ ಬಿಡುವಿದ್ದೋರು ಮನೆಗೆ ಬನ್ನಿ. ಅವರೆಕಾಯಿ ಕಾಲ, ಹಿತಕಿದ ಬೇಳೆ ಸಾರು ಇರುತ್ತೆ. ಈ ಸಾರಿ ಕೂತು ಮಾತಾಡಕ್ಕೆ ನಾನೂ ಇರ್ತೀನಿ.