ಮಕ್ಕಳ ಕಳ್ಳರೆಂಬ ಹಳೆಯ ಸುಳ್ಳು

ಕಿರುಗಾವಲಿನ ಅಂಗಡಿ ಬೀದಿಯಾಗಲಿ, ಮದ್ದೂರಿನ ಬಸ್ ನಿಲ್ದಾಣವಾಗಲಿ, ಮಂಗಳಮುಖಿಯರು ಬಂದು ಚಪ್ಪಾಳೆ ತಟ್ಟಿದರೆ ಹತ್ತು ರೂಪಾಯಿ ಕೊಟ್ಟು ಕಳುಹಿಸುವ ವರ್ತಕರಿದ್ದಾರೆ, ಬೈದು ಅಟ್ಟುವವರೂ ಇದ್ದಾರೆ. ಕೊಡುವುದು ಬಿಡುವುದು ಅಂಗಡಿಯವನ ಇಷ್ಟ. ಆ ಮಾತಿಗೆ ನಾವು ಬರುವುದಿಲ್ಲ. ಆದರೆ ಅವರ ಬೆನ್ನ ಹಿಂದೆ ಪುಂಡ ಹುಡುಗರನ್ನು ಛೂ ಬಿಡುವುದು, ಸೀರೆ ಎಳೆಯುವುದು, ಕಲ್ಲು ಬೀಸುವುದು, ಕೊನೆಗೆ ‘ಮಕ್ಕಳನ್ನು ಹಿಡಿದುಕೊಂಡು ಹೋಗುವ ಜನ’ ಎಂದು ಕೂಗೆಬ್ಬಿಸುವುದು ಯಾರ ಇಷ್ಟಕ್ಕೂ ಬಿಟ್ಟ ವಿಷಯವಲ್ಲ. ಆ ಕೂಗಿಗೆ ಹೆಣಗಳು ಬಿದ್ದಿವೆ.

2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಊರಿಂದೂರಿಗೆ ಹಬ್ಬಿತು. ಮೇ 23ರಂದು ಬೆಂಗಳೂರಿನಲ್ಲಿ, ರಾಜಸ್ಥಾನದಿಂದ ಕೂಲಿ ಅರಸಿ ಬಂದಿದ್ದ ಯುವಕನೊಬ್ಬನನ್ನು ಜನ ಹಗ್ಗದಲ್ಲಿ ಕಟ್ಟಿ ಬಡಿದು ಕೊಂದರು. ಮೂರು ದಿನದ ಮೇಲೆ ಹೈದರಾಬಾದಿನ ಚಂದ್ರಾಯನಗುಟ್ಟದಲ್ಲಿ ಭಿಕ್ಷೆಗೆ ಬಂದಿದ್ದ ಮಂಗಳಮುಖಿಯರ ಮೇಲೆ ಗುಂಪು ಬಿದ್ದಿತು, ಒಬ್ಬರು ಸತ್ತರು. ಕಳುವಾದ ಮಗು ಯಾರದು? ಯಾರದೂ ಅಲ್ಲ. ಸತ್ತವರು ಮಾತ್ರ ಬಡವರು.

ಈ ಸುಳ್ಳು ಮೊಬೈಲಿನಲ್ಲಿ ಹುಟ್ಟಿದ್ದಲ್ಲ. ಇದನ್ನು ಸರ್ಕಾರವೇ ಕಾಯಿದೆಯ ಪುಸ್ತಕದಲ್ಲಿ ಬರೆದಿಟ್ಟಿತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿದಾಗ ಅದರ ಎರಡನೆಯ ಭಾಗವನ್ನು ಹಿಜಡಾಗಳಿಗೆಂದೇ ಮೀಸಲಿಟ್ಟಿತು. ಮಕ್ಕಳನ್ನು ಕದಿಯುವವರೆಂದು ಸಂಶಯ ಬಂದರೆ ಸಾಕು, ಹೆಸರನ್ನು ದಫ್ತರದಲ್ಲಿ ಬರೆದುಕೊಳ್ಳಬಹುದು. ಹಾಗೆ ಹೆಸರು ಬಿದ್ದವರು ಸೀರೆಯುಟ್ಟು ಬೀದಿಗೆ ಬಂದರೆ ವಾರಂಟಿಲ್ಲದೆ ಹಿಡಿಯಬಹುದು, ಎರಡು ವರ್ಷ ಜೈಲಿಗೆ ಕಳಿಸಬಹುದು. ಅಪರಾಧ ನಡೆದಿರಬೇಕೆಂದೇ ಇರಲಿಲ್ಲ, ಸಂಶಯವೇ ಅಪರಾಧ.

ಗಿರಣಿ ಕೆಲಸಗಾರರು ಈ ಕಾಯಿದೆಯನ್ನು ನೆನಪಿಡಬೇಕಾದ ಇನ್ನೊಂದು ಕಾರಣವುಂಟು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಇನ್ನೂ ಅಳಿದಿಲ್ಲ. ಹುಟ್ಟಿನಿಂದಲೇ ಕಳ್ಳರೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಜನರನ್ನು ಅಲ್ಲಿ ಕೂಡಿಹಾಕಿ, ಹಾಜರಿ ಕೂಗಿ, ಗಿರಣಿಗೂ ರೈಲ್ವೆ ಕಾರ್ಖಾನೆಗೂ ದುಡಿಯಲು ಕಳಿಸುತ್ತಿದ್ದರು. ಬಡವನನ್ನು ಮೊದಲು ಕಳ್ಳನೆಂದು ಕರೆದು, ಆಮೇಲೆ ಬೇಕಾದಂತೆ ನಡೆಸಿಕೊಳ್ಳುವುದು ಅಧಿಕಾರಸ್ಥರಿಗೆ ಹಳೆಯ ವಿದ್ಯೆ.

ಬುಡಕಟ್ಟುಗಳ ಮೇಲಿನ ಕಾಯಿದೆ 1952ರಲ್ಲಿ ರದ್ದಾಯಿತು. ಅದರ ಬುದ್ಧಿ ರದ್ದಾಯಿತೆ? 2011ರಲ್ಲಿ ನಮ್ಮದೇ ವಿಧಾನ ಮಂಡಲ ಕರ್ನಾಟಕ ಪೋಲೀಸ್ ಕಾಯಿದೆಗೆ 36-ಎ ಎಂಬ ಕಲಮನ್ನು ಸೇರಿಸಿ, ಹುಡುಗರನ್ನು ಅಪಹರಿಸುವ ಸಂಶಯವಿರುವ ಹಿಜಡಾಗಳ ಹೆಸರು ವಿಳಾಸಗಳ ದಫ್ತರವಿಡುವ ಅಧಿಕಾರವನ್ನು ಪೋಲೀಸ್ ಕಮೀಷನರಿಗೆ ಕೊಟ್ಟಿತು. 140 ವರ್ಷದ ಹಿಂದಿನ ಸಂಶಯ, ಅದೇ ದಫ್ತರ! ಆ ಸಮುದಾಯದವರು ಬೀದಿಗಿಳಿದು, ಹೈಕೋರ್ಟಿಗೆ ಹೋದ ಮೇಲೆ 2016ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದರು. ಐದು ವರ್ಷಕಾಲ ಅದು ಪುಸ್ತಕದಲ್ಲಿತ್ತು ಎಂಬುದು ನಮ್ಮ ಶಾಸಕರಿಗೆ ಶೋಭೆ ತರುವ ಮಾತಲ್ಲ.

ಕಾಯಿದೆಯೇ ಹೀಗೆಂದ ಮೇಲೆ ಲಾಠಿ ಹಿಡಿದವನು ಏನೆಂದಾನು? 2004ರಲ್ಲಿ ಬೆಂಗಳೂರಿನಲ್ಲಿ ಪುಂಡರ ಗುಂಪೊಂದು ಒಬ್ಬ ಹಿಜಡಾಳ ಮೇಲೆ ಅತ್ಯಾಚಾರ ಮಾಡಿತು. ಪೋಲೀಸರು ಬಂದರು. ಠಾಣೆಗೆ ಒಯ್ದದ್ದು ಅತ್ಯಾಚಾರಕ್ಕೆ ತುತ್ತಾದವಳನ್ನೇ! ಅಲ್ಲಿ ಬಟ್ಟೆ ಬಿಚ್ಚಿಸಿ, ಕಿಟಕಿಗೆ ಕೋಳ ಹಾಕಿ ಹಿಂಸಿಸಿದರು. 2009ರ ಜುಲೈ 2ರಂದು ದೆಹಲಿ ಹೈಕೋರ್ಟು 377ನೆಯ ಕಲಮಿನ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಈ ಪ್ರಕರಣ ದಾಖಲಾಗಿದೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವವರ ಕೊರಳಿಗೂ 1860ರ ಆ ಕಲಮೇ ಕುಣಿಕೆಯಾಗಿತ್ತು. ‘ಮನೆಗೆ ಹೇಳುತ್ತೇವೆ, ಕೆಲಸ ಕಳೆಯುತ್ತೇವೆ’ ಎಂದು ಹೆದರಿಸಿ ಜೇಬು ಖಾಲಿ ಮಾಡುವ ದಂಧೆಯನ್ನು ಪಿಯುಸಿಎಲ್‌ನ ಕರ್ನಾಟಕ ಘಟಕ 2001ರ ವರದಿಯಲ್ಲಿಯೇ ಬಯಲಿಗೆಳೆದಿತ್ತು. ಒಪ್ಪಿ ಕೂಡಿ ಬಾಳುವ ವಯಸ್ಕರು ಅಪರಾಧಿಗಳಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

ಇನ್ನು ರಕ್ಷಣೆಯ ಹೆಸರಿನ ಕಾಯಿದೆಯನ್ನು ನೋಡೋಣ. 2019ರಲ್ಲಿ ಪಾರ್ಲಿಮೆಂಟು ಮಾಡಿದ ತೃತೀಯ ಲಿಂಗಿಗಳ ಕಾಯಿದೆಯಲ್ಲಿ ಹೊಡೆತಕ್ಕೂ ಬೈಗುಳಕ್ಕೂ ಲೈಂಗಿಕ ದೌರ್ಜನ್ಯಕ್ಕೂ ಬರೆದದ್ದು ಒಂದೇ ಶಿಕ್ಷೆ: ಆರು ತಿಂಗಳಿಂದ ಎರಡು ವರ್ಷ. ಹೆಂಗಸಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ. ಸಾಲದ್ದಕ್ಕೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 377ನ್ನು ಪೂರ್ತಿ ಕೈಬಿಟ್ಟಿತು. ಒಪ್ಪಿಗೆಯಿಲ್ಲದ ಬಲಾತ್ಕಾರಕ್ಕೆ ಗಂಡಸರೂ ಹಿಜಡಾಗಳೂ ದೂರು ಕೊಡಲು ಉಳಿದಿದ್ದುದು ಅದೊಂದೇ ಕಲಮು. ಸಂಹಿತೆಯ 63ನೆಯ ಕಲಮು ಅತ್ಯಾಚಾರವನ್ನು ಹೆಂಗಸಿನ ಮೇಲೆ ಗಂಡಸು ಮಾಡುವ ಅಪರಾಧವೆಂದಷ್ಟೇ ಹೇಳುತ್ತದೆ. ಬಡವರ ಮೈಗೆ ಅಗ್ಗದ ಬೆಲೆ ಕಟ್ಟಿದ್ದು ಯಾರೆಂದು ಓದುಗರೇ ಯೋಚಿಸಲಿ.

‘ಅವರು ಅಂಗಡಿ ಮುಂದೆ ನಿಂತು ಗಲಾಟೆ ಮಾಡುತ್ತಾರೆ, ಕೊಡದಿದ್ದರೆ ಶಾಪ ಹಾಕುತ್ತಾರೆ’ ಎಂದು ವರ್ತಕ ಮಿತ್ರರು ಹೇಳುವುದನ್ನು ನಾವು ಕೇಳಿದ್ದೇವೆ. ಹಾಗೆ ನಡೆಯುವುದಿಲ್ಲವೆಂದು ಹೇಳುವವರಲ್ಲ ನಾವು. ಹೆದರಿಸಿ ಹಣ ಕಿತ್ತರೆ ದೂರು ಕೊಡಿ. ಯಾರು ಕಿತ್ತರೋ ಅವರ ಮೇಲೆ ಕೊಡಿ. ಆದರೆ ಆ ಕೈ ಭಿಕ್ಷೆಗೆ ಚಾಚಿದ್ದು ಏಕೆ ಎಂದು ಒಂದು ಗಳಿಗೆ ಕೇಳಿಕೊಳ್ಳಿ. ಮನೆಯವರು ಹೊರಗೆ ಹಾಕಿದರು, ಶಾಲೆಯಲ್ಲಿ ಹುಡುಗರು ಕಾಡಿದರು, ಬಾಡಿಗೆಗೆ ಕೋಣೆ ಸಿಗಲಿಲ್ಲ. ಅಕ್ಕಿ ಗಿರಣಿಯಲ್ಲಾಗಲಿ, ಸಕ್ಕರೆ ಕಾರ್ಖಾನೆಯಲ್ಲಾಗಲಿ, ಆಲೆಮನೆಯಲ್ಲಾಗಲಿ ಅವರನ್ನು ಕೆಲಸಕ್ಕೆ ಕರೆದವರು ಎಷ್ಟು ಮಂದಿ? ಜೋಗತಿ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದೇ 2021ರಲ್ಲಿ ರಾಜ್ಯ ಸರ್ಕಾರ ತನ್ನ ನೌಕರಿಗಳಲ್ಲಿ ಇವರಿಗೆ ನೂರಕ್ಕೆ ಒಂದರ ಮೀಸಲಾತಿ ಕೊಟ್ಟು ದೇಶಕ್ಕೆ ಮೊದಲಾಯಿತು. ಸಂತೋಷ. ಖಾಸಗಿ ಗಿರಣಿಯ ಗೇಟಿಗೆ ಆ ಆಜ್ಞೆ ತಲುಪುವುದಿಲ್ಲ. ಅಲ್ಲಿ ಬಾಯಿ ಬಿಡಬೇಕಾದವರು ಒಳಗೆ ದುಡಿಯುತ್ತಿರುವ ಕೆಲಸಗಾರರೇ.

ಪೆಟ್ಟು ಬಿದ್ದಾಗ ನೋಡಿದವನು ಸಾಕ್ಷಿ ಹೇಳಬೇಕು. ಇದು ಮೊದಲ ಕೆಲಸ. ಬಡಿಸಿಕೊಂಡವರು ಒಬ್ಬರೇ ಠಾಣೆಗೆ ಹೋದರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿದ್ದೇವೆ. ಆದ್ದರಿಂದ ಅಂಗಡಿಯವರೊಬ್ಬರು, ಕೆಲಸಗಾರರ ಸಂಘದವರೊಬ್ಬರು ಜೊತೆಗೆ ಹೋಗಲಿ. ಕಿರುಗಾವಲಿನ ಠಾಣೆಯಾಗಲಿ, ಮಳವಳ್ಳಿಯದಾಗಲಿ, ಎಫ್‌ಐಆರ್ ಬರೆಯಲೇಬೇಕು, ಪ್ರತಿಯನ್ನು ಕಾಸಿಲ್ಲದೆ ಕೊಡಲೇಬೇಕು. ಹದ್ದು ನಮ್ಮದಲ್ಲವೆಂಬ ನೆಪ ಈಗ ನಡೆಯುವುದಿಲ್ಲ. ಬರೆಯದಿದ್ದರೆ ಮಂಡ್ಯದ ಎಸ್‌ಪಿಯವರಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಇಂಥ ಪ್ರಕರಣಗಳ ಮೇಲೆ ಕಣ್ಣಿಡಲು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಕೈಕೆಳಗೆ ಒಂದು ರಕ್ಷಣಾ ಘಟಕವಿರಬೇಕೆಂದು 2020ರ ನಿಯಮಗಳು ವಿಧಿಸಿದವು. ಮಂಡ್ಯ ಜಿಲ್ಲೆಯಲ್ಲಿ ಆ ಘಟಕ ಎಷ್ಟು ಸಲ ಸೇರಿದೆ, ಎಷ್ಟು ದೂರು ಕೇಳಿದೆ, ಎಷ್ಟು ಮಂದಿಗೆ ಶಿಕ್ಷೆಯಾಗಿದೆ ಎಂಬ ಲೆಕ್ಕವನ್ನು ಜಿಲ್ಲಾಧಿಕಾರಿಗಳು ಪ್ರಕಟಿಸಬೇಕೆಂದು ನಾವು ಈ ಮೂಲಕ ಕೇಳುತ್ತೇವೆ. ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಬಾರಲಿಲ್ಲವೆಂದು ಅಚ್ಚು ಹಾಕುತ್ತೇವೆ.