ಸ್ಟಿಕ್ಕರ್ ಚಂದ ಇದೆ, ಶೇಂಗಾ ಎಲ್ಲಿ ಬರೆದಿದೆ?

ಫೋಟೋ 1

ಝೂಮ್ ಮಾಡಿ ನೋಡಿ. ನಮ್ಮ ಫೆಸ್ಟಲ್ಲಿ ಮಾರಿದ ಅಗಸೆ ಚಟ್ನಿಪುಡಿ ಪ್ಯಾಕೆಟ್ ಇದು. ಸ್ಟಿಕ್ಕರ್ ಮೇಲೆ ಒರಳುಕಲ್ಲಿನ ಚಿತ್ರ, ‘ಅಜ್ಜಿ ಕೈರುಚಿ’, ‘100% ಹೋಂಮೇಡ್’, ಒಂದು ಹಾರ್ಟ್, ಆರ್ಡರ್ ಮಾಡೋಕೆ ಪೇಜಿನ ಹೆಸರು (ಅದನ್ನ ಮಸುಕು ಮಾಡಿದ್ದೀನಿ). ಒಳಗೆ ಏನೇನು ಹಾಕಿದಾರೆ, ಯಾವತ್ತು ಮಾಡಿದ್ದು, ಎಷ್ಟು ಗ್ರಾಂ ಅಂತ ಎಲ್ಲಾದ್ರೂ ಕಾಣ್ತಾ?

ಆ ಸ್ಟಿಕ್ಕರ್ ಡಿಸೈನ್ ಮಾಡಿದ್ದು ನಾನೇ. ಫ್ರೆಂಡ್ ಕೇಳಿದ್ಲು, ಒಂದು ಸಂಜೆ ಕೂತು ಮಾಡಿಕೊಟ್ಟೆ. ಒರಳುಕಲ್ಲಿನ ಬಣ್ಣ ಮೂರು ಸಲ ಬದಲಾಯಿಸಿದೆ. ಪದಾರ್ಥಗಳ ಪಟ್ಟಿ ಬೇಕು ಅಂತ ಒಂದು ಸಲಾನೂ ಹೊಳೀಲಿಲ್ಲ.

ಫೋಟೋ 2

ಇದು ಅದೇ ಪ್ಯಾಕೆಟ್‌ನ ಹಿಂಭಾಗ. ಖಾಲಿ.

ಅದನ್ನ ತಗೊಂಡ ಜೂನಿಯರ್ ಒಬ್ಬಳಿಗೆ ಶೇಂಗಾ ಅಲರ್ಜಿ. ಹೆಸರಲ್ಲಿ ಅಗಸೆ ಅಂತಿದೆಯಲ್ಲ, ನಂಬಿದಳು. ಹಾಸ್ಟೆಲಲ್ಲಿ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿಕೊಂಡು ನಾಲ್ಕು ತುತ್ತು ತಿಂದಿದ್ದಾಳೆ. ಸ್ವಲ್ಪ ಹೊತ್ತಿಗೆ ತುಟಿ ಊದಿಕೊಂಡಿತು, ಆಮೇಲೆ ಉಸಿರಾಡೋಕೇ ಕಷ್ಟ. ರೂಮ್‌ಮೇಟ್ಸ್ ಆಟೋ ಹಿಡಿದು ಆಸ್ಪತ್ರೆಗೆ ಓಡಿದರು. ಈಗ ಹುಷಾರಾಗಿದ್ದಾಳೆ. ಅವಳನ್ನ ಕೇಳಿಯೇ ಇದನ್ನ ಬರೀತಿರೋದು.

ಅಗಸೆ ಚಟ್ನಿಪುಡಿಗೆ ಒಂದು ಹಿಡಿ ಹುರಿದ ಶೇಂಗಾ ಸೇರಿಸೋದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಕಲಬೆರಕೆ ಅಲ್ಲ, ಮೋಸ ಅಲ್ಲ. ನನ್ನ ಫ್ರೆಂಡ್ ಅಡುಗೆಮನೆಯಲ್ಲಿ ಏನೂ ತಪ್ಪು ಮಾಡಿಲ್ಲ. ತಪ್ಪು ಆಗಿದ್ದು ಸ್ಟಿಕ್ಕರ್ ಮೇಲೆ, ಅಂದ್ರೆ ನಮ್ಮಿಬ್ಬರಿಂದ.

ಫೋಟೋ 3

ಕ್ಲಾಸ್ ಗ್ರೂಪಲ್ಲಿ ಬಂದ ಮಾತುಗಳ ಸ್ಕ್ರೀನ್‌ಶಾಟ್. ‘ಪಾಪ, ಸ್ಟೂಡೆಂಟ್ ಬಿಸಿನೆಸ್, ಬಿಟ್ಬಿಡಿ.’ ‘ಅಲರ್ಜಿ ಇರೋರು ತಾವೇ ಕೇಳ್ಬೇಕಪ್ಪ.’ ‘ಮನೇಲಿ ಮಾಡಿದ್ದಕ್ಕೆಲ್ಲ ಲೈಸೆನ್ಸಾ?’

ಮೊದಲು ಆ ‘ಪಾಪ’ ನೋಡೋಣ. ದೊಡ್ಡ ಕಂಪನಿ ಬಿಸ್ಕತ್ತಲ್ಲಿ ಸಕ್ಕರೆ ಎಷ್ಟಿದೆ ಅಂತ ರೀಲ್ ಬಂದ್ರೆ ನೀವೆಲ್ಲ ಶೇರ್ ಮಾಡ್ತೀರಿ, ಬೈತೀರಿ. ಆದ್ರೆ ಆ ಬಿಸ್ಕತ್ತಿನ ಸಕ್ಕರೆ ಗೊತ್ತಾಗಿದ್ದು ಹೇಗೆ? ಹಿಂದುಗಡೆ ಬರೆದಿದ್ರಿಂದ. ನಮ್ಮವರ ಪ್ಯಾಕೆಟ್‌ಗೆ ಬೈಯೋಕೂ ಆಗಲ್ಲ, ಯಾಕಂದ್ರೆ ಅಲ್ಲಿ ಏನೂ ಬರೆದೇ ಇಲ್ಲ. ಊದಿಕೊಳ್ಳೋ ತುಟಿಗೆ ಇದು ಫ್ರೆಂಡ್ ಮಾಡಿದ್ದು, ಇದು ಫ್ಯಾಕ್ಟರಿ ಮಾಡಿದ್ದು ಅಂತ ವ್ಯತ್ಯಾಸ ತಿಳಿಯಲ್ಲ ಕಣ್ರೋ.

‘ತಾವೇ ಕೇಳ್ಬೇಕು’ ಅನ್ನೋರಿಗೆ: ಸ್ಟಾಲಲ್ಲಿ ನಿಂತಿದ್ದ ಹುಡುಗ ಪುಡಿ ಮಾಡಿದವನಲ್ಲ. ಕೇಳಿದ್ರೂ ‘ಅಗಸೆ ಅಷ್ಟೇ’ ಅಂತಿದ್ದ. ನಾಳೆ ಆ ಪ್ಯಾಕೆಟ್ ಯಾರದೋ ಬ್ಯಾಗಲ್ಲಿ ಬೆಳಗಾವಿಗೋ ದುಬೈಗೋ ಹೋದ್ರೆ ಯಾರನ್ನ ಕೇಳೋದು?

ಇನ್ನು ಲೈಸೆನ್ಸ್. ಹೌದು, ಮನೇಲಿ ಮಾಡಿ ಮಾರಿದ್ರೂ ಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಪ್ರಕಾರ ಸಣ್ಣ ಪ್ರಮಾಣದಲ್ಲಿ ಮಾಡೋರಿಗೆ ಲೈಸೆನ್ಸ್ ಬದಲು ನೋಂದಣಿ ಸಾಕು, ಆದ್ರೆ ಅದಾದ್ರೂ ಇರಲೇಬೇಕು. 14 ಅಂಕಿ ನಂಬರ್ ಕೊಡ್ತಾರೆ. 1ರಿಂದ ಶುರುವಾದ್ರೆ ಲೈಸೆನ್ಸ್, 2ರಿಂದ ಶುರುವಾದ್ರೆ ನೋಂದಣಿ. ಎಫ್‌ಎಸ್‌ಎಸ್‌ಎಐನ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಲ್ಲಿ ಆ ನಂಬರ್ ಹಾಕಿ ಅಸಲಿನಾ ನಕಲಿನಾ ನೋಡಬಹುದು. ನೀವು ಫಾಲೋ ಮಾಡೋ ತಿಂಡಿ ಪೇಜುಗಳದ್ದು ಇವತ್ತೇ ನೋಡಿ, ಮಜಾ ಇರುತ್ತೆ.

ಸೀಲ್ ಮಾಡಿ ಮಾರಾಟಕ್ಕಿಟ್ಟ ಪ್ಯಾಕೆಟ್ ಅಂದಮೇಲೆ 2020ರ ಲೇಬಲಿಂಗ್ ನಿಯಮ ಬಂತು. ಪದಾರ್ಥಗಳು ಜಾಸ್ತಿ ತೂಕದ್ದರಿಂದ ಕಮ್ಮಿ ತೂಕದ್ದಕ್ಕೆ ಇಳಿಯೋ ಕ್ರಮದಲ್ಲಿ. ಮಾಡಿದ ಅಥವಾ ಪ್ಯಾಕ್ ಮಾಡಿದ ದಿನ, ಯಾವ ದಿನದೊಳಗೆ ಬಳಸಬೇಕು ಅನ್ನೋದು. ‘ಬೆಸ್ಟ್ ಬಿಫೋರ್’ ಅಂತ ಮಾತ್ರ ಬರೆದು ತಪ್ಪಿಸಿಕೊಳ್ಳೋ ಹಾಗಿಲ್ಲ. ಸಸ್ಯಾಹಾರಕ್ಕೆ ಹಸಿರು ಚುಕ್ಕಿ. ಮಾಂಸಾಹಾರಕ್ಕೆ ಈಗ ಚುಕ್ಕಿ ಅಲ್ಲ, ಕಂದು ತ್ರಿಕೋನ, ಬಣ್ಣ ಸರಿಯಾಗಿ ಕಾಣದವರಿಗೂ ಆಕಾರದಿಂದ ಗೊತ್ತಾಗುತ್ತೆ. ಆಮೇಲೆ ಅಲರ್ಜಿ ಸೂಚನೆ: ಗ್ಲುಟೆನ್ ಇರೋ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಶೇಂಗಾ, ಗೋಡಂಬಿ-ಬಾದಾಮಿ ಥರದ್ದು, ಸೋಯಾ, ಸಲ್ಫೈಟ್. ಇವು ಇದ್ರೆ ಇದೆ ಅಂತ ಬೇರೆಯಾಗಿ ಹೇಳ್ಬೇಕು.

‘ಚಟ್ನಿಪುಡಿಯಲ್ಲಿ ಗೋಧಿ ಎಲ್ಲಿಂದ’ ಅಂತೀರಾ? ಮನೇಲಿರೋ ಇಂಗಿನ ಡಬ್ಬಿ ತಿರುಗಿಸಿ ನೋಡಿ. ಎಷ್ಟೋ ಬ್ರ್ಯಾಂಡಿನ ಇಂಗಿಗೆ ಗೋಧಿ ಹಿಟ್ಟು ಬೆರೆಸಿರ್ತಾರೆ. ನನಗೂ ಈ ಗಲಾಟೆ ಆದಮೇಲೇ ಗೊತ್ತಾಗಿದ್ದು.

ಲೇಬಲ್ ಸರಿ ಇಲ್ಲದ ಆಹಾರ ಮಾರಿದ್ರೆ ದಂಡ 3 ಲಕ್ಷದವರೆಗೂ ಹೋಗಬಹುದು. ಇನ್ನು ತಪ್ಪು ಕಲ್ಪನೆ ಕೊಡೋ ಹಾಗೆ ‘ಹೋಂಮೇಡ್’ ಅಂತ ಹಾಕಿಕೊಳ್ಳೋದಕ್ಕೂ 2018ರ ಜಾಹೀರಾತು ನಿಯಮದಲ್ಲಿ ತಡೆ ಇದೆ. ನಾವು ದೊಡ್ಡ ಅಕ್ಷರದಲ್ಲಿ ಬರೆದಿದ್ದು ಅದೊಂದನ್ನೇ!

ಫೋಟೋ 4

ಕನ್ನಡದ ಮಾತು. ಕೇಂದ್ರದ ನಿಯಮ ಲೇಬಲ್‌ಗೆ ಕೇಳೋದು ಇಂಗ್ಲಿಷ್ ಇಲ್ಲಾ ದೇವನಾಗರಿಯಲ್ಲಿ ಹಿಂದಿ. ಬೇರೆ ಭಾಷೆ ಜೊತೆಗೆ ಹಾಕೋಕೆ ಅಡ್ಡಿ ಇಲ್ಲ, ಒತ್ತಾಯಾನೂ ಇಲ್ಲ. ನಮ್ಮಲ್ಲಿ ‘ಅಜ್ಜಿ ಕೈರುಚಿ’ ಕನ್ನಡದಲ್ಲಿ, ಕೆಲಸಕ್ಕೆ ಬರೋ ವಿಷಯ ಇದ್ರೆ ಇಂಗ್ಲಿಷಲ್ಲಿ. ಆ ಅಜ್ಜಿಗೇ ಅದನ್ನ ಓದೋಕೆ ಆಗಲ್ಲ. ಭಾಷಾಭಿಮಾನ ಬರೀ ಬ್ರ್ಯಾಂಡ್ ಹೆಸರಿಗಾ? ಎರಡರಲ್ಲೂ ಬರೀರಿ. ಶೇಂಗಾ ಅಂದ್ರೆ ಹುಬ್ಬಳ್ಳಿಯವರಿಗೆ ಗೊತ್ತು, ಮೈಸೂರಿನವರಿಗೆ ಅದು ಕಡಲೆಕಾಯಿ, ಮಂಗಳೂರಿನವರಿಗೆ ನೆಲಗಡಲೆ. ಜಾಗ ಇದ್ರೆ ಮೂರೂ ಹಾಕಿ, ಯಾರೂ ನಗಲ್ಲ.

ಫೋಟೋ 5

ಹೊಸ ಸ್ಟಿಕ್ಕರ್. ಒರಳುಕಲ್ಲು ಚಿಕ್ಕದಾಯ್ತು, ಹಾರ್ಟ್ ಹೋಯ್ತು. ಇಂಗ್ಲಿಷ್ ಸಾಲುಗಳ ಕೆಳಗೆ ಕನ್ನಡದಲ್ಲಿ: ‘ಪದಾರ್ಥಗಳು: ಅಗಸೆ ಬೀಜ, ಶೇಂಗಾ (ಕಡಲೆಕಾಯಿ, ನೆಲಗಡಲೆ), ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುಣಸೆಹಣ್ಣು, ಇಂಗು (ಗೋಧಿ ಹಿಟ್ಟು ಸೇರಿದೆ). ಅಲರ್ಜಿ ಸೂಚನೆ: ಶೇಂಗಾ ಮತ್ತು ಗೋಧಿ ಇದೆ.’ ತೂಕ, ಬೆಲೆ, ದಿನಾಂಕ, ವಿಳಾಸಕ್ಕೂ ಜಾಗ ಬಿಟ್ಟಿದ್ದೀನಿ. ನೋಂದಣಿ ನಂಬರಿನ ಜಾಗ ಖಾಲಿ ಇದೆ, ಫ್ರೆಂಡ್ ಅರ್ಜಿ ಹಾಕಿದ್ದಾಳೆ. ಅದು ಬರೋವರೆಗೂ ಮಾರಾಟ ಬಂದ್.

ಸ್ಟಿಕ್ಕರ್ ಮಾಡಿಕೊಡು ಅಂತ ಇನ್ನೂ ಆರು ಜನ ಡಿಎಂ ಮಾಡಿದ್ದೀರಿ. ದುಡ್ಡು ಬೇಡ, ಮಾಡಿಕೊಡ್ತೀನಿ. ಲೋಗೋ ಆಮೇಲೆ ಕಳಿಸಿ, ಮೊದಲು ಪದಾರ್ಥಗಳ ಪಟ್ಟಿ ಕಳಿಸಿ, ಇಂಗಿನ ಡಬ್ಬಿ ಹಿಂಭಾಗದ ಫೋಟೋ ಸಮೇತ.

#ಹಿಂದೆ_ತಿರುಗಿಸಿ_ನೋಡಿ #ಲೇಬಲ್_ಓದಿ